ಮಾವನವರ ಟ್ಯೂಬಿನ ಡಬ್ಬಿ

ಕಲಬುರಗಿಗೆ ಹೊಸದಾಗಿ ವರ್ಗವಾಗಿ ಬಂದವರು ಮನೆ ಹಿಡಿದ ಮರುದಿನವೇ ಗೀಜರ್ ಎಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದು ಕೇಳುತ್ತಾರೆ. ಅವಸರ ಬೇಡ, ದೀಪಾವಳಿಯವರೆಗೆ ತಡೆಯಿರಿ ಎನ್ನುತ್ತೇನೆ. ಮಾರ್ಚ್ ದಾಟಿತೆಂದರೆ ಇಲ್ಲಿ ನಳದಲ್ಲಿ ಬರುವುದೆಲ್ಲ ಬಿಸಿನೀರೇ. ಮಧ್ಯಾಹ್ನ ಊಟಕ್ಕೆ ಮುಂಚೆ ಕೈ ತೊಳೆಯಲು ಹೋದರೆ ಕೈ ಚುರ್ರೆನ್ನುತ್ತದೆ. ತಣ್ಣೀರಿನ ಸ್ನಾನ ಬೇಕಾದವರು ಹಿಂದಿನ ರಾತ್ರಿಯೇ ಬಕೆಟ್ ತುಂಬಿಸಿ, ಬಚ್ಚಲಿನ ಮೂಲೆಯಲ್ಲಿ ಮುಚ್ಚಿಟ್ಟು, ಬೆಳಗಾಗುವವರೆಗೆ ಅದರ ಮೇಲೊಂದು ಕಣ್ಣಿಟ್ಟಿರಬೇಕು. ನಮ್ಮ ಮನೆಯಲ್ಲಿ ಆ ಬಕೆಟ್ಟಿಗಾಗಿ ಆದಷ್ಟು ಜಗಳ ಆಸ್ತಿಗಾಗಿಯೂ ಆಗಿಲ್ಲ.

ಅದನ್ನೂ ಸಹಿಸಬಹುದು. ಬಿಸಿಯೋ ತಣ್ಣಗೋ, ಬಂದರೆ ಸಾಕು ಎನ್ನುವ ಮಟ್ಟಕ್ಕೆ ನಾವು ಎಂದೋ ಇಳಿದಿದ್ದೇವೆ. ನನ್ನ ಸಿಟ್ಟೆಲ್ಲ ಪೈಪುಗಳ ಮೇಲೆ. ಮಳೆಗಾಲ, ಚಳಿಗಾಲಗಳಲ್ಲಿ ತೆಪ್ಪಗಿರುವ ಈ ಪೈಪುಗಳು ಏಪ್ರಿಲ್, ಮೇ ತಿಂಗಳಿಗೇ ಕಾಯ್ದು ಒಡೆಯುತ್ತವೆ. ಅದೂ ಮಧ್ಯಾಹ್ನ ಎರಡರ ಮೇಲೆ. ಈ ಎರಡು ತಿಂಗಳು ನಮ್ಮ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು 1.30ಕ್ಕೆ ಮುಚ್ಚುತ್ತವೆ. ಬಿಸಿಲು ನೆತ್ತಿ ಸುಡುವ ಮುನ್ನ ಮನೆ ಸೇರಿಕೊಳ್ಳಿ ಎಂದು ಸರಕಾರ ದಯಪಾಲಿಸಿದ ರಿಯಾಯಿತಿ ಅದು. (1.30ಕ್ಕೆ ಹೊರಬಿದ್ದವರ ನೆತ್ತಿ ಸುಡುವುದಿಲ್ಲವೆಂದು ಯಾರು ಹೇಳಿದರೋ.) ನಾನು ಮನೆಗೆ ಬಂದು, ಮಜ್ಜಿಗೆ ಕುಡಿದು, ಕೂಲರ್ ಎದುರಿಗೆ ಕಾಲು ಚಾಚಿದ ಸುದ್ದಿ ಮಾಳಿಗೆಯ ಮೇಲಿನ ಪೈಪಿಗೆ ಯಾರು ಮುಟ್ಟಿಸುತ್ತಾರೋ ತಿಳಿಯದು. ಆಗಲೇ ಸುರುವಾಗುತ್ತದೆ.

ಇಲ್ಲಿ ನಮ್ಮ ಮಾವನವರ ಬಗ್ಗೆ ಹೇಳಲೇಬೇಕು. ಮಾವನವರು ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರಿ ಮಾಡಿ ನಿವೃತ್ತರಾದವರು. ದೇವರ ಮೇಲೆ ಅವರಿಗೆ ಸಾಧಾರಣ ನಂಬಿಕೆ. ಸೈಕಲ್ ಟ್ಯೂಬಿನ ಮೇಲೆ ಅಖಂಡ ನಂಬಿಕೆ. ಮಂಚದ ಕೆಳಗೆ ಅವರದೊಂದು ಬಿಸ್ಕತ್ತಿನ ಡಬ್ಬಿ ಇದೆ. ಅದರಲ್ಲಿ ಹಳೆಯ ಟ್ಯೂಬುಗಳನ್ನು ಉದ್ದಕ್ಕೆ ಕತ್ತರಿಸಿ ಮಾಡಿದ ಪಟ್ಟಿಗಳು, ಒಂದೊಂದನ್ನೂ ಸುರುಳಿ ಸುತ್ತಿ, ಪೌಡರ್ ಹಾಕಿ ಇಟ್ಟಿರುತ್ತಾರೆ. ಮೊಮ್ಮಗನಿಗೆ ಬೆವರುಸಾಲೆ ಎಂದು ತಂದ ಪೌಡರ್ ಅದು. ಪಟ್ಟಿಗಳಲ್ಲಿ ಜಾತಿಗಳಿವೆ. ಸೈಕಲ್ಲಿನದು ತೆಳುವು, ಜಗ್ಗಿದಷ್ಟು ಬರುತ್ತದೆ, ಅರ್ಧ ಇಂಚಿನ ಪೈಪಿಗೆ. ಸ್ಕೂಟರಿನದು ಒಂದು ಇಂಚಿನ ಪೈಪಿಗೆ. ಟ್ರ್ಯಾಕ್ಟರಿನದು ಒಂದೇ ಒಂದು ಇದೆ. ಅದನ್ನು ಯಾವ ಮಹಾಪ್ರಳಯಕ್ಕೆ ಎತ್ತಿಟ್ಟಿದ್ದಾರೋ, ಈವರೆಗೆ ಹೊರಗೆ ತೆಗೆದಿಲ್ಲ.

ಎಲ್ಲಿ ಒಂದು ಹನಿ ತೊಟ್ಟಿಕ್ಕಿದರೂ ಮಾವನವರು ಅಲ್ಲಿಗೆ ಹೋಗಿ ಪಟ್ಟಿ ಸುತ್ತುತ್ತಾರೆ. ಹನಿ ನಿಲ್ಲದಿದ್ದರೆ ಅದರ ಮೇಲೆ ಇನ್ನೊಂದು. ಅಡುಗೆಮನೆಯ ನಳ, ಬಚ್ಚಲಿನ ಶವರ್, ಬಟ್ಟೆ ಒಗೆಯುವ ಯಂತ್ರದ ಪೈಪು, ಸಂಪಿನ ಮೋಟರ್, ಯಾವುದನ್ನೂ ಅವರು ಬಿಟ್ಟಿಲ್ಲ. ಬಂದ ನೆಂಟರಿಗೆ ನಮ್ಮ ಮನೆಯ ಗೋಡೆಗಳು ಮೂಳೆ ಮುರಿದವರ ವಾರ್ಡಿನ ಹಾಗೆ ಕಾಣುತ್ತವೆ. ಒಳಗೆ ವಾಷರ್ ಸವೆದಿದೆ, ಅದನ್ನು ಬದಲಿಸಿದರೆ ಆಯಿತು, ಎರಡು ರೂಪಾಯಿಯ ಕೆಲಸ ಎಂದು ನಾನು ಹೇಳುತ್ತೇನೆ. “ವಾಷರ್ ಇವತ್ತು ಹಾಕಿದರೆ ನಾಳೆ ಸವೆಯುತ್ತದೆ ಅವ್ವಾ, ರಬ್ಬರ್ ಸಾಯುವುದಿಲ್ಲ” ಎನ್ನುತ್ತಾರೆ. ವಾಷರ್ ಕೂಡ ರಬ್ಬರಿನದೇ ಎಂದು ಸೊಸೆಯಾದವಳು ಮಾವನವರಿಗೆ ಎಷ್ಟು ಸಲ ಹೇಳಬಹುದು?

ಕಳೆದ ವಾರ ಆದದ್ದು ಕೇಳಿ. ಎಷ್ಟೋ ದಿನಗಳ ಮೇಲೆ ಅಂದು ನಸುಕಿನಲ್ಲಿ ನಳ ಬಂದಿತ್ತು. ಮೊದಲು ಉಸ್ಸೆಂದು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ನೀರು. ಸಂಪು ತುಂಬಿಸಿ, ಮೋಟರ್ ಹಾಕಿ, ಮೇಲಿನ ಸಾವಿರ ಲೀಟರಿನ ಕರಿ ಟ್ಯಾಂಕನ್ನು ಅಂಚಿನವರೆಗೆ ತುಂಬಿಸಿಯೇ ನಾನು ಕಚೇರಿಗೆ ಹೋಗಿದ್ದೆ. ಟ್ಯಾಂಕ್ ತುಂಬಿದ ದಿನ ನಮ್ಮ ಮುಖದ ಮೇಲೊಂದು ಕಳೆ ಇರುತ್ತದೆ; ಇಲ್ಲಿಯವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಮಧ್ಯಾಹ್ನ ಪಕ್ಕದ ಮನೆಯ ಹುಡುಗ ಓಡಿ ಬಂದು, “ಆಂಟಿ, ನಿಮ್ಮ ಮನೆಯ ಮೇಲೆ ಮಾತ್ರ ಮಳೆ ಬರುತ್ತಿದೆ” ಎಂದ.

ಟ್ಯಾಂಕಿನಿಂದ ಕೆಳಗಿಳಿಯುವ ಪೈಪಿನ ಎಲ್ಬೋ, ಅಂದರೆ ಪೈಪು ತಿರುಗುವ ಮೂಲೆಯ ಜೋಡು, ಕಿತ್ತುಕೊಂಡಿತ್ತು. ನಮ್ಮವರು ಮೆಟ್ಟಿಲು ಹತ್ತಿ ಓಡಿದರು, ಬರಿಗಾಲಿನಲ್ಲಿ. ಏಕೆಂದರೆ ಮಾಳಿಗೆಯ ಮೇಲೆ ಅತ್ತೆಯವರ ಸಂಡಿಗೆ ಒಣಗುತ್ತಿತ್ತು. ಸಂಡಿಗೆ ಇರುವವರೆಗೆ ಅಲ್ಲಿ ಚಪ್ಪಲಿಗೆ ಪ್ರವೇಶವಿಲ್ಲ. ಪಾದರಸ 43 ಡಿಗ್ರಿ ಮುಟ್ಟಿದ ದಿನ ನಮ್ಮ ಮಾಳಿಗೆಯ ಮೇಲೆ ಬರಿಗಾಲಿನಲ್ಲಿ ನಿಲ್ಲಲಾಗುವುದಿಲ್ಲ, ಕುಣಿಯಬಹುದು ಅಷ್ಟೇ. ಅವರು ಕುಣಿಯುತ್ತಲೇ ಟ್ಯಾಂಕಿನ ಬುಡದ ಗೇಟ್ ವಾಲ್ವ್ ಹಿಡಿದು ತಿರುಗಿಸಿದರು. ಅದು ಜಪ್ಪಯ್ಯ ಎನ್ನಲಿಲ್ಲ. ನಮ್ಮ ಜಿಲ್ಲೆಯ ನೆಲದಲ್ಲಿ ಸುಣ್ಣದ ಕಲ್ಲಿಗೆ ಬರವಿಲ್ಲ. ವಾಡಿ, ಸೇಡಂಗಳಿಗೆ ಸಿಮೆಂಟ್ ಕಾರ್ಖಾನೆಗಳು ಸುಮ್ಮನೆ ಬಂದಿಲ್ಲ. ಬೋರಿನ ಗಡಸು ನೀರಿನ ಸುಣ್ಣವೆಲ್ಲ ವಾಲ್ವಿನ ಒಳಗೆ ಕೂತು, ಹಿಡಿಕೆ ಮತ್ತು ಮೈ ಒಂದೇ ಲೋಹದ ಮುದ್ದೆಯಾಗಿತ್ತು. ಕೊನೆಗೆ ಹಿಡಿಕೆಯೇ ಕಳಚಿ ಅವರ ಕೈಗೆ ಬಂತು.

ಹಾಗಾದರೆ ಹೆಬ್ಬೆರಳಿಟ್ಟು ಪೈಪಿನ ಬಾಯಿ ಮುಚ್ಚೋಣವೆಂದರೆ ನೀರು ಸುಡುತ್ತಿದೆ. ಅವರು “ಹಾ” ಎಂದು ಕೈ ತೆಗೆಯುವುದು, ನಾನು ಇಡುವುದು, ನಾನು “ಹಾ” ಎಂದು ತೆಗೆದಾಗ ಅವರು ಇಡುವುದು. ಕೆಳಗಿನಿಂದ ಅತ್ತೆಯವರು, “ಮೊದಲು ಸಂಡಿಗೆ ಎತ್ತಿರಿ! ನೀರು ಇನ್ನೊಂದು ವಾರಕ್ಕೆ ಬರುತ್ತದೆ, ಸಂಡಿಗೆ ಬರುತ್ತದೆಯೇ?” ಎಂದು ಕೂಗುತ್ತಿದ್ದರು. ತರ್ಕದಲ್ಲಿ ಲೋಪವಿರಲಿಲ್ಲ. ನಾನು ಪೈಪು ಬಿಟ್ಟು ಸಂಡಿಗೆಯ ಸೀರೆಯ ಕಡೆಗೆ ಹೋಗುವಷ್ಟರಲ್ಲಿ ಅರ್ಧ ಸಂಡಿಗೆ ಮತ್ತೆ ಹಿಟ್ಟಾಗಿ ಹೊರಟಿತ್ತು.

ಈ ನಡುವೆ ಮಾವನವರು ಡಬ್ಬಿ ತೆರೆದು ಕೂತಿದ್ದರು. ಅವಸರದಲ್ಲಿ ಏನೋ ಒಂದು ಸುತ್ತುವ ಜಾಯಮಾನ ಅವರದಲ್ಲ. ಸೈಕಲ್ಲಿನದು ಸಾಲದು, ಸ್ಕೂಟರಿನದು ಗಿಡ್ಡ, ಟ್ರ್ಯಾಕ್ಟರಿನದು ಇದಕ್ಕೆ ದಂಡ. ಕೊನೆಗೆ ಸ್ಕೂಟರಿನ ಎರಡು ಪಟ್ಟಿಗಳಿಗೆ ಗಂಟು ಹಾಕಿ, ತಲೆಗೆ ಟವೆಲ್ ಸುತ್ತಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಬಂದು ಎಲ್ಬೋ ಪೈಪಿಗೆ ಕೂರಿಸಿ ಸುತ್ತಿದರು, ಜಗ್ಗಿದರು, ಹಲ್ಲಿನಿಂದ ಹಿಡಿದು ಬಿಗಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, “ನೋಡಿರಿ, ನಿಂತಿತು” ಎಂದರು.

ನಿಂತಿತ್ತು ನಿಜ. ಟ್ಯಾಂಕಿನಲ್ಲಿ ಒಂದು ತೊಟ್ಟೂ ಉಳಿದಿರಲಿಲ್ಲ.

ಅದನ್ನು ಅವರಿಗೆ ಹೇಳುವ ಧೈರ್ಯ ನನಗೂ ಬರಲಿಲ್ಲ, ಅವರ ಮಗನಿಗೂ ಬರಲಿಲ್ಲ. ಅಂದು ಸಂಜೆ ಬಂದವರಿಗೆಲ್ಲ, ಸಾವಿರ ಲೀಟರಿನ ಒತ್ತಡವನ್ನು ಎರಡು ಪಟ್ಟಿ ತಡೆದವು ಎಂದು ಮಾವನವರು ವರದಿ ಒಪ್ಪಿಸುತ್ತಿದ್ದರು.

ಪ್ಲಂಬರನಿಗೆ ಫೋನ್ ಮಾಡಿದರೆ, “ಅಕ್ಕಾ, ಐದರ ಮೇಲೆ ಬರುತ್ತೇನೆ. ಈ ಬಿಸಿಲಿನಲ್ಲಿ ಪೈಪು ಅಂಟಿಸುವ ಸಲ್ಯೂಷನ್ ಹಚ್ಚಿದರೆ ಪೈಪು ಕೂರುವ ಮೊದಲೇ ಒಣಗುತ್ತದೆ, ಜೋಡ ನಿಲ್ಲುವುದಿಲ್ಲ” ಎಂದ. ನೆಪ ಎಂದುಕೊಂಡೆ; ಆದರೆ ಅವನು ಹೇಳಿದ್ದು ಸರಿ. ಸಂಜೆ ಬಂದವನು ಒಡೆದ ತುಂಡನ್ನು ಕೈಯಲ್ಲಿ ಹಿಡಿದು ಒತ್ತಿದ, ಅಂಚು ಪುಡಿಯಾಗಿ ಉದುರಿತು. ಬಿಸಿಲು ತಿಂದ ಪಿವಿಸಿ ಹೀಗೇ ಆಗುತ್ತದಂತೆ. ಮೊದಲು ಬಣ್ಣ ಹೋಗುತ್ತದೆ, ಆಮೇಲೆ ಕಸುವು ಹೋಗುತ್ತದೆ. ಅದರ ಜತೆಗೆ ಹಿಗ್ಗುವ ರೋಗ ಬೇರೆ. ಇಪ್ಪತ್ತು ಅಡಿಯ ಪೈಪು ಮೂವತ್ತು ಡಿಗ್ರಿಯಷ್ಟು ಕಾದರೆ ಒಂದು ಸೆಂಟಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ಎರಡೂ ತುದಿಯನ್ನು ಗೋಡೆಗೆ ಬಿಗಿದು ಕ್ಲ್ಯಾಂಪ್ ಹೊಡೆದಿದ್ದರೆ ಹಿಗ್ಗಲು ಜಾಗವೆಲ್ಲಿ? ಆ ಸಿಟ್ಟನ್ನು ಮೂಲೆಯ ಎಲ್ಬೋ ಮೇಲೆ ತೀರಿಸಿಕೊಳ್ಳುತ್ತದೆ. ಪಿವಿಸಿ 60 ಡಿಗ್ರಿಯ ಆಚೆಗೆ ಮೆತ್ತಗಾಗುವ ಸರಕು. ಗೀಜರಿನ ಪಕ್ಕಕ್ಕೆ ಅದನ್ನು ಹಾಕುವುದಿಲ್ಲ, 90 ಡಿಗ್ರಿ ತಡೆಯುವ ಸಿಪಿವಿಸಿ ಹಾಕುತ್ತಾರೆ. ನಮ್ಮ ಮಾಳಿಗೆಗೂ ಅದನ್ನೇ ಹಾಕುತ್ತೇನೆ ಎಂದ. ಅದಕ್ಕೂ ಬಿಸಿಲು ಆಗದಂತೆ. ಬಿಳಿ ಬಣ್ಣ ಬಳಿಯಿರಿ, ಟ್ಯಾಂಕಿಗೆ ನಾಲ್ಕು ತಟ್ಟಿಯ ನೆರಳು ಮಾಡಿರಿ, ಗೇಟ್ ವಾಲ್ವ್ ಕಿತ್ತು ಹಿಡಿಕೆ ಅಡ್ಡ ತಿರುಗಿಸುವ ಬಾಲ್ ವಾಲ್ವ್ ಹಾಕಿಸಿರಿ, ಅದನ್ನೂ ತಿಂಗಳಿಗೊಮ್ಮೆ ಮುಚ್ಚಿ ತೆರೆಯುತ್ತಿರಿ, ಇಲ್ಲದಿದ್ದರೆ ಸುಣ್ಣ ಹಿಡಿಯುತ್ತದೆ ಎಂದ. ಶವರಿನ ತೂತು ಮುಚ್ಚಿದ್ದಕ್ಕೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕಲಸಿದ ನೀರಿನಲ್ಲಿ ನೆನೆಹಾಕಲು ಹೇಳಿದ. ಅದನ್ನು ಮಾತ್ರ ಉಚಿತವಾಗಿ ಹೇಳಿದ.

ನನಗೆ ಸೋಜಿಗವೆನಿಸುವುದು ಇದು: ಈ ಕೆಂಡದಂಥ ಊರಿನಲ್ಲಿ ನೀರನ್ನು ಎಲ್ಲಕ್ಕಿಂತ ಎತ್ತರದಲ್ಲಿ, ಎಲ್ಲಕ್ಕಿಂತ ಹೆಚ್ಚು ಬಿಸಿಲು ಬೀಳುವ ಜಾಗದಲ್ಲಿ, ಕಪ್ಪು ಡ್ರಮ್ಮಿನಲ್ಲಿ ಇಡಬೇಕೆಂದು ಮೊದಲು ತೀರ್ಮಾನಿಸಿದ ಪುಣ್ಯಾತ್ಮ ಯಾರು? ಅವನು ಈ ಕಡೆಯವನಂತೂ ಅಲ್ಲ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ನೋಡಿದ್ದೇನೆ. ಹದಿನೈದನೆಯ ಶತಮಾನದವರು ಪರ್ಶಿಯಾದ ವಿದ್ಯೆ ತಂದು, ನೆಲದ ಹೊಟ್ಟೆಯಲ್ಲಿ ಸುರಂಗ ಕೊರೆದು, ಮೇಲಿನಿಂದ ಸಾಲಾಗಿ ಗಾಳಿಬಾವಿಗಳನ್ನು ತೋಡಿ, ಬಿಸಿಲು ಕಾಣದಂತೆ ನೀರನ್ನು ನಡೆಸಿಕೊಂಡು ಹೋದರು. ಮೋಟರ್ ಇಲ್ಲ, ಎಲ್ಬೋ ಇಲ್ಲ, ಇಳಿಜಾರು ಒಂದೇ. ಮೇಲೆ ಸುಡುವ ಜಂಬಿಟ್ಟಿಗೆ, ಕೆಳಗೆ ತಣ್ಣನೆಯ ಕತ್ತಲು. ಅಹ್ಮದ್ ಶಾಹ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಏಕೆ ಸಾಗಿಸಿದ ಎಂಬುದಕ್ಕೆ ಇತಿಹಾಸದ ಮೇಷ್ಟ್ರುಗಳು ಹಲವು ಕಾರಣ ಹೇಳುತ್ತಾರೆ. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ನಮ್ಮ ಮಾಳಿಗೆಯ ಮೇಲೆ ನಿಂತರೆ ಅವರಿಗೆ ಒಂದೇ ಕಾರಣ ಸಾಕಾಗುತ್ತದೆ.

ಚಿತ್ತಾಪುರದ ನನ್ನ ತವರಿನಲ್ಲಿ ಒಡೆಯಲು ಪೈಪೇ ಇರಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ರಂಜಣಿಗೆ, ಬಚ್ಚಲಿನಲ್ಲಿ ಹಂಡೆ. ಬೇಸಿಗೆಯ ಸಂಜೆ ಬಾವಿಯಿಂದ ಸೇದಿ ತಂದ ನೀರನ್ನು ಮಾಳಿಗೆಯ ಫರಶಿಗೆ ಚೆಲ್ಲುವುದು ಮಕ್ಕಳ ಪಾಲಿನ ಕೆಲಸ. ಮೊದಲ ಕೊಡಕ್ಕೆ ಕಲ್ಲು ಸುಯ್ ಎಂದು ಹಬೆ ಬಿಡುತ್ತಿತ್ತು, ಮೂರನೆಯದಕ್ಕೆ ಸುಮ್ಮನಾಗುತ್ತಿತ್ತು, ಆಮೇಲೆ ಹಾಸಿಗೆ ಹಾಸುತ್ತಿದ್ದರು. ನೀರನ್ನು ಸುಮ್ಮನೆ ನೆಲಕ್ಕೆ ಚೆಲ್ಲುವಷ್ಟು ಸಿರಿವಂತರಾಗಿದ್ದೆವು ನಾವು. ಮೊನ್ನೆ ಇಡೀ ಟ್ಯಾಂಕ್ ಚೆಲ್ಲಿದಾಗ ಆ ವಾಸನೆ ಎದ್ದಿತು, ಕಾದ ಕಲ್ಲಿಗೆ ನೀರು ಬಿದ್ದ ವಾಸನೆ. ಸುಟ್ಟ ಹೆಬ್ಬೆರಳನ್ನು ಬಾಯಿಯಲ್ಲಿಟ್ಟುಕೊಂಡು ಒಂದು ಗಳಿಗೆ ಹಾಗೇ ನಿಂತಿದ್ದೆ. ಅರ್ಧ ಗಂಟೆಯಲ್ಲಿ ಮಾಳಿಗೆ ಒಣಗಿ ಮತ್ತೆ ಸುಡತೊಡಗಿತು.

ಇನ್ನು ಉಳಿದದ್ದು ನನ್ನ ಸೋಲಿನ ಕಥೆ. ಪ್ಲಂಬರ್ ಹೊಸ ಪೈಪು ಜೋಡಿಸಿ, ಸಲ್ಯೂಷನ್ ಗಟ್ಟಿಯಾಗುವವರೆಗೆ ಅಲ್ಲಾಡಬಾರದೆಂದು ಅತ್ತಿತ್ತ ನೋಡಿ, “ಅಜ್ಜಾ, ಕಟ್ಟಲಿಕ್ಕೆ ಒಂದು ತುಂಡು ಟ್ಯೂಬ್ ಇದೆಯೇ?” ಎಂದು ಕೇಳಿಬಿಟ್ಟ. ಮಾವನವರು ನನ್ನ ಕಡೆ ನೋಡಲಿಲ್ಲ. ನೋಡದೆ ಇರುವುದರಲ್ಲೇ ಎಲ್ಲವೂ ಇತ್ತು. “ಯಾವ ನಂಬರಿನದು ಬೇಕು ತಮ್ಮಾ?” ಎಂದು ಕೇಳಿ, ಆ ವಯಸ್ಸಿನಲ್ಲಿ ಎರಡೆರಡು ಮೆಟ್ಟಿಲು ಒಟ್ಟಿಗೆ ಇಳಿದುಹೋದರು. ಬರುವಾಗ ಕೈಯಲ್ಲಿ ಟ್ರ್ಯಾಕ್ಟರಿನದು ಇತ್ತು.

ಮಹಾಪ್ರಳಯದ ದಾಸ್ತಾನು ಮುಗಿದಂತಾಯಿತು. ಈಗ ದಿನವೂ ಬೆಳಿಗ್ಗೆ ನಾನು ಕಚೇರಿಗೆ ಹೊರಟಾಗ, ಬರುವ ದಾರಿಯಲ್ಲಿ ಪಂಕ್ಚರ್ ಅಂಗಡಿಯಲ್ಲಿ ಟ್ರ್ಯಾಕ್ಟರಿನ ಹಳೆಯ ಟ್ಯೂಬ್ ಇದೆಯೇ ವಿಚಾರಿಸು ಎನ್ನುತ್ತಾರೆ. ಮರೆತೆ ಎಂದು ದಿನವೂ ಹೇಳುತ್ತಿದ್ದೇನೆ. ನಿನ್ನೆ ಅವರೇ ಹೋಗಿ ಲಾರಿಯದು ತಂದರು.