ಒಂದು ಗಂಟೆಗೆ ಏಳು ವರ್ಷ: ಈ ಲೆಕ್ಕ ನಿಲ್ಲುತ್ತಾ?

ಪ್ರಶ್ನೆ ಇಷ್ಟೇ. 2014ರ ‘ಇಂಟರ್‌ಸ್ಟೆಲ್ಲಾರ್’ ಸಿನಿಮಾದ ವಿಜ್ಞಾನ ಮತ್ತು ಕತೆ ನಂಬುವ ಹಾಗಿವೆಯೇ? ಭೂಮಿ ಬಾಳಲು ಆಗದ ಹಾಗಾದಾಗ, ಮಕ್ಕಳನ್ನು ಬಿಟ್ಟು ಬೇರೆ ಗ್ರಹ ಹುಡುಕಲು ಹೋಗುವ ಪೈಲಟ್ ಒಬ್ಬನ ಕತೆ ಅದು. ಪರವಾಗಿ ಬರೆದಿರುವುದು ಬೆಂಗಳೂರಿನ ಕಾಲೇಜೊಂದರಲ್ಲಿ ಫಿಸಿಕ್ಸ್ ಹೇಳಿಕೊಡುವ ಅಕ್ಕ. ವಿರೋಧವಾಗಿ ಬರೆದಿರುವುದು ಪೀಣ್ಯದಲ್ಲಿ ಸಣ್ಣ ಮಷಿನ್ ಶಾಪ್ ಇಟ್ಟಿರುವ ತಮ್ಮ.

ಪರ

ನಮ್ಮ ಜಗಳ ಶುರುವಾದದ್ದು 2025ರ ಫೆಬ್ರವರಿಯಲ್ಲಿ. ಸಿನಿಮಾ ಐಮ್ಯಾಕ್ಸ್‌ನಲ್ಲಿ ಮತ್ತೆ ಬಂದಿತ್ತು. ನಮಗೆ ಟಿಕೆಟ್ ಸಿಕ್ಕಿದ್ದು ಬೆಳಗಿನ ಆಟಕ್ಕೆ. ಮುಗಿಸಿ ಬಂದು ಇಡ್ಲಿ ಮುಂದೆ ಕೂತಾಗ ತಮ್ಮ ಹೇಳಿದ, “ಎಲ್ಲಾ ಬುರುಡೆ ಕಣಕ್ಕ.” ಇಡ್ಲಿ ಗಂಟಲಲ್ಲೇ ನಿಂತಿತು.

ಜನ ಜಾಸ್ತಿ ನಗುವುದು ನೀರಿನ ಗ್ರಹದ ಬಗ್ಗೆ. ಅದು ಒಂದು ಬ್ಲ್ಯಾಕ್ ಹೋಲ್‌ಗೆ, ಅಂದರೆ ಬೆಳಕನ್ನೂ ಹೊರಬಿಡದಷ್ಟು ಗುರುತ್ವ ಇರುವ ಕಾಯಕ್ಕೆ, ತೀರಾ ಹತ್ತಿರದಲ್ಲಿ ಸುತ್ತುತ್ತದೆ. ಅಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ನಮ್ಮಜ್ಜಿ ಹೇಳುತ್ತಿದ್ದ ರೇವತಿಯ ಕತೆಯ ಹಾಗೆಯೇ ಇದೆ. ಮಗಳಿಗೆ ಗಂಡು ಕೇಳಲು ಅಪ್ಪ ಬ್ರಹ್ಮಲೋಕಕ್ಕೆ ಹೋಗುತ್ತಾನೆ, ಒಂದು ಹಾಡು ಮುಗಿಯುವವರೆಗೆ ಕಾಯುತ್ತಾನೆ, ಅಷ್ಟರಲ್ಲಿ ಇಲ್ಲಿ ಯುಗಗಳೇ ಉರುಳಿರುತ್ತವೆ. (ಹಾಗಂತ ಪುರಾಣದಲ್ಲೇ ರಿಲೇಟಿವಿಟಿ ಇತ್ತು ಅಂತ ವಾಟ್ಸಾಪ್‌ನಲ್ಲಿ ಹಾಕಬೇಡಿ, ದಯವಿಟ್ಟು.) ಅಜ್ಜಿಯ ಕತೆಗೆ ಲೆಕ್ಕ ಬೇಕಿರಲಿಲ್ಲ. ಸಿನಿಮಾದ ಹಿಂದೆ ಲೆಕ್ಕ ಇದೆ.

ಗುರುತ್ವ ಜಾಸ್ತಿ ಇರುವ ಕಡೆ ಕಾಲ ನಿಧಾನ. ಇದು 1915ರ ಐನ್‌ಸ್ಟೈನ್ ಸಿದ್ಧಾಂತದಿಂದ ಬಂದ ಮಾತು. ನೀವು ಆಟೊ ಬುಕ್ ಮಾಡುವ ಆಪ್ ಕೂಡ ಅದನ್ನು ನಂಬಿಕೊಂಡೇ ನಡೆಯುತ್ತದೆ. ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಎತ್ತರದಲ್ಲಿ ಗುರುತ್ವ ಕಡಿಮೆ, ಅದಕ್ಕೆ. ಇದನ್ನು ಸರಿ ಮಾಡದೆ ಬಿಟ್ಟರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರ್‌ನಷ್ಟು ತಪ್ಪು ಕೂಡಿಕೊಳ್ಳುತ್ತದೆ. ಜಯನಗರದಲ್ಲಿ ನಿಂತ ನಿಮ್ಮನ್ನು ಹುಡುಕಿಕೊಂಡು ಆಟೊ ಯಶವಂತಪುರಕ್ಕೆ ಹೋಗುತ್ತದೆ.

38 ಮೈಕ್ರೊಸೆಕೆಂಡ್ ಎಲ್ಲಿ, ಏಳು ವರ್ಷ ಎಲ್ಲಿ, ಅಲ್ವಾ? ಸಿನಿಮಾಕ್ಕೆ ವಿಜ್ಞಾನದ ಸಲಹೆ ಕೊಟ್ಟ ಕಿಪ್ ಥಾರ್ನ್ ಅವರಿಗೂ ಮೊದಲು ಇದು ಆಗದ ಮಾತು ಅಂತಲೇ ಅನಿಸಿತ್ತು. ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಪಟ್ಟು ಬಿಡಲಿಲ್ಲ. ಥಾರ್ನ್ ಕೂತು ಲೆಕ್ಕ ಹಾಕಿದರು. ಬ್ಲ್ಯಾಕ್ ಹೋಲ್ ತನ್ನ ಸುತ್ತ ತಾನೇ ತಿರುಗುವ ವೇಗಕ್ಕೆ ಒಂದು ಮಿತಿ ಇದೆ. ಆ ಮಿತಿಗೆ ಕೋಟಿ ಕೋಟಿಯಲ್ಲಿ ಒಂದು ಪಾಲು ಮಾತ್ರ ಕಡಿಮೆ ವೇಗದಲ್ಲಿ ತಿರುಗಿದರೆ, ಗ್ರಹ ಒಳಕ್ಕೆ ಬೀಳದೆ ಅಷ್ಟು ಹತ್ತಿರ ಸುತ್ತಬಹುದು. ಗ್ರಹ ಚೂರಾಗುವುದಿಲ್ಲವೇ? ಇಲ್ಲ. ಬ್ಲ್ಯಾಕ್ ಹೋಲ್ ದೊಡ್ಡದಾದಷ್ಟೂ ಅದರ ಅಂಚಿನಲ್ಲಿ ಎಳೆದು ಹರಿಯುವ ಬಲ ಕಡಿಮೆ. ಅದಕ್ಕೇ ಸಿನಿಮಾದ ಗಾರ್ಗಾಂಟುವಾಕ್ಕೆ ಹತ್ತು ಕೋಟಿ ಸೂರ್ಯರ ತೂಕ ಕೊಟ್ಟರು. ಇಂಥದ್ದು ನಿಸರ್ಗದಲ್ಲಿ ಇರುವುದು ತೀರಾ ಅಪರೂಪ, ಒಪ್ಪುತ್ತೇನೆ. ಆದರೆ ನಿಯಮ ಮುರಿದಿಲ್ಲ.

ಮೊಣಕಾಲು ಮುಳುಗದ ನೀರಿನಲ್ಲಿ ಬೆಟ್ಟದಂಥ ಅಲೆ ಹೇಗೆ ಅಂತಲೂ ತಮ್ಮ ಕೇಳಿದ. ನೀರೆಲ್ಲ ಅಲೆಯೊಳಗೇ ಇದೆಯಲ್ಲಪ್ಪ, ಉಳಿದ ಕಡೆ ಮೊಣಕಾಲುದ್ದವೇ ಇರುತ್ತದೆ.

ನನಗೆ ಈ ಸಿನಿಮಾ ಹತ್ತಿರವಾದದ್ದು ಇನ್ನೊಂದು ಕಾರಣಕ್ಕೆ. ಚಿಕ್ಕವರಿದ್ದಾಗ ಅಪ್ಪ ನಮ್ಮಿಬ್ಬರನ್ನೂ ಹೈ ಗ್ರೌಂಡ್ಸ್‌ನ ನೆಹರೂ ತಾರಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅದರ ಸ್ಥಾಪಕ ನಿರ್ದೇಶಕರು ಸಿ.ವಿ. ವಿಶ್ವೇಶ್ವರ. ಹುಟ್ಟಿದ್ದು ಬೆಂಗಳೂರಿನಲ್ಲೇ. ದೇವಸ್ಥಾನದ ಗಂಟೆ ಬಾರಿಸಿದ ಮೇಲೆ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತಾ ಸುಮ್ಮನಾಗುತ್ತದಲ್ಲ, ಕೆಣಕಿದ ಬ್ಲ್ಯಾಕ್ ಹೋಲ್ ಕೂಡ ಹಾಗೆಯೇ ಅದುರಿ ಸುಮ್ಮನಾಗುತ್ತದೆ ಎಂದು 1970ರಲ್ಲಿ ಲೆಕ್ಕದಿಂದ ತೋರಿಸಿದವರು ಅವರು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೈಗೊ ಅನ್ನುವ ಪ್ರಯೋಗಾಲಯ ಎರಡು ಬ್ಲ್ಯಾಕ್ ಹೋಲ್ ಡಿಕ್ಕಿ ಹೊಡೆದಾಗ ಎದ್ದ ಗುರುತ್ವದ ಅಲೆಯನ್ನು ಹಿಡಿಯಿತು. ಅದರ ಬಾಲದಲ್ಲಿ ಅಂಥದೇ ಅದುರು ಇತ್ತು. ಸುದ್ದಿ ಹೊರಗೆ ಬಂದದ್ದು 2016ರ ಫೆಬ್ರವರಿಯಲ್ಲಿ. ವಿಶ್ವೇಶ್ವರ ತೀರಿಕೊಂಡದ್ದು 2017ರ ಜನವರಿಯಲ್ಲಿ. ಕೇಳಿಸಿಕೊಂಡೇ ಹೋದರು ಅಂತ ನನಗೊಂದು ಸಮಾಧಾನ. ಅದೇ ವರ್ಷ ಲೈಗೊ ಕೆಲಸಕ್ಕೆ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು ಇದೇ ಕಿಪ್ ಥಾರ್ನ್. ಇಂಥವರು ಲೆಕ್ಕ ಹಾಕಿಕೊಟ್ಟ ಸಿನಿಮಾವನ್ನು ನನ್ನ ತಮ್ಮ ಬುರುಡೆ ಅನ್ನುತ್ತಾನೆ.

ಒಂದು ತಪ್ಪನ್ನು ಮಾತ್ರ ನಾನೇ ಹೇಳಿಬಿಡುತ್ತೇನೆ. ಶುರುವಿನಲ್ಲಿ ಒಂದು ಭಾರತೀಯ ಡ್ರೋನ್ ಹಾರಿಬರುತ್ತದೆ. ದೆಹಲಿಯ ಮಿಷನ್ ಕಂಟ್ರೋಲ್ ಹತ್ತು ವರ್ಷದ ಹಿಂದೆಯೇ ಮುಚ್ಚಿತು ಅಂತ ಮಾತು ಬರುತ್ತದೆ. ದೆಹಲಿಯಂತೆ! ಸಿನಿಮಾ ಬರುವುದಕ್ಕೆ ಒಂದೂವರೆ ತಿಂಗಳ ಮುಂಚೆ, 2014ರ ಸೆಪ್ಟೆಂಬರ್ 24ರಂದು, ಮಂಗಳಯಾನವನ್ನು ಮಂಗಳನ ಕಕ್ಷೆಗೆ ಸೇರಿಸಿದ್ದು ಪೀಣ್ಯದಲ್ಲಿ ಕೂತು. ತಮ್ಮನ ಶಾಪ್ ಇರುವ ಪೀಣ್ಯ.

ವಿರೋಧ

ಬ್ಲ್ಯಾಕ್ ಹೋಲ್ ಬಗ್ಗೆ ಅಕ್ಕನ ಜೊತೆ ವಾದ ಮಾಡುವಷ್ಟು ನಾನು ಓದಿಲ್ಲ. ಅಲ್ಲಿ ನಾನು ಸೋತೆ. ಅಲೆಯ ವಿಷಯದಲ್ಲೂ ಸೋತೆ.

ಆದರೆ ನಮ್ಮ ಶಾಪ್‌ನಲ್ಲಿ ಒಮ್ಮೆ ಹೀಗಾಯಿತು. ಒಂದು ಡ್ರಾಯಿಂಗ್ ಬಂತು. ಬೋರ್‌ಗೆ, ಅಂದರೆ ಕೊರೆಯುವ ದೊಡ್ಡ ತೂತಿಗೆ, ಹತ್ತು ಮೈಕ್ರಾನ್ ಟಾಲರೆನ್ಸ್. ಅಳತೆ ಮಿಲಿಮೀಟರ್‌ನ ನೂರನೇ ಒಂದು ಪಾಲಿಗಿಂತ ಜಾಸ್ತಿ ತಪ್ಪುವ ಹಾಗಿಲ್ಲ. ಎಲ್ಲರ ಕಣ್ಣೂ ಅದರ ಮೇಲೇ. ಇನ್ನೂರು ಪೀಸ್ ಕಳಿಸಿದೆವು. ಬೋರ್ ಪಕ್ಕಾ ಇತ್ತು. ಇನ್ನೂರೂ ರಿಜೆಕ್ಟ್ ಆಗಿ ವಾಪಸ್ ಬಂದವು. ಬೋಲ್ಟ್ ಹಾಕುವ ತೂತನ್ನು ಎದುರು ಬದಿಗೆ ಹೊಡೆದಿದ್ದೆವು. ಈ ಸಿನಿಮಾ ಕೂಡ ನನಗೆ ಹಾಗೇ ಕಾಣುತ್ತದೆ.

ರಾಕೆಟ್ ತಗೊಳ್ಳಿ. ಭೂಮಿಯಿಂದ ಹೊರಡುವಾಗ ಆ ಪುಟ್ಟ ನೌಕೆಗೆ ದೊಡ್ಡ ಹಂತ ಹಂತದ ರಾಕೆಟ್ ಬೇಕು. ನೀರಿನ ಗ್ರಹದ ಗುರುತ್ವ ಭೂಮಿಯದರ 130%. ಅಲ್ಲಿಂದ ಅದೇ ನೌಕೆ ಯಾರ ಹಂಗೂ ಇಲ್ಲದೆ ಬರ್ ಅಂತ ಎದ್ದು ಹೋಗುತ್ತದೆ. ಅಷ್ಟು ತಾಕತ್ತು ಇದ್ದರೆ ಇಲ್ಲಿ ಆ ರಾಕೆಟ್ ಯಾಕೆ ಸುಟ್ಟರು? ಅಕ್ಕನನ್ನು ಕೇಳಿದರೆ “ಇಂಧನ ಉಳಿಸೋಕೆ ಇರಬಹುದು” ಅಂತಾಳೆ. ಇರಬಹುದು ಅನ್ನುವುದು ಉತ್ತರ ಅಲ್ಲ. ಇನ್ನು ಇನ್ನೊಂದು ಗ್ರಹದ ಮೋಡಗಳು ಮಂಜುಗಡ್ಡೆ. ಆಕಾಶದಲ್ಲಿ ಹಾಗೆ ಚಾಚಿ ನಿಂತು ತನ್ನದೇ ಭಾರ ಹೊರುವ ಶಕ್ತಿ ಮಂಜುಗಡ್ಡೆಗೆ ಇಲ್ಲ. ಇದನ್ನು ಥಾರ್ನ್ ಅವರೇ ಒಪ್ಪಿಕೊಂಡಿದ್ದಾರೆ, ನಾನು ಹೇಳುವುದೇನಿದೆ.

ಅಕ್ಕ ಅಷ್ಟು ಹೊಗಳುವ ಬ್ಲ್ಯಾಕ್ ಹೋಲ್ ಚಿತ್ರದಲ್ಲೂ ಒಂದು ಕೈಚಳಕ ಇದೆ. ಏಳು ವರ್ಷದ ಲೆಕ್ಕಕ್ಕೆ ಅದು ಮಿತಿಯ ವೇಗದಲ್ಲೇ ತಿರುಗಬೇಕು ಅಂದಳಲ್ಲ? ಪರದೆಯ ಮೇಲಿನ ಚಿತ್ರ ಮಾಡುವಾಗ ಆ ಮಿತಿಯ 60% ವೇಗ ಮಾತ್ರ ಇಟ್ಟುಕೊಂಡರು. ಅಂದರೆ ಕತೆಯಲ್ಲಿರುವ ಬ್ಲ್ಯಾಕ್ ಹೋಲ್ ಬೇರೆ, ಕಣ್ಣಿಗೆ ಕಾಣುವುದು ಬೇರೆ. ಸುತ್ತ ಸುತ್ತುವ ಬೆಂಕಿಯ ತಟ್ಟೆಯಲ್ಲಿ ನಮ್ಮ ಕಡೆ ಬರುವ ಬದಿ ಜಾಸ್ತಿ ಬೆಳಗಬೇಕು, ದೂರ ಹೋಗುವ ಬದಿ ಮಂಕಾಗಬೇಕು. ಪ್ರೇಕ್ಷಕರಿಗೆ ಗೊಂದಲ ಆಗುತ್ತದೆ ಅಂತ ಅದನ್ನೂ ತೆಗೆದುಹಾಕಿದರು. 2019ರ ಏಪ್ರಿಲ್‌ನಲ್ಲಿ ನಿಜವಾದ ಬ್ಲ್ಯಾಕ್ ಹೋಲ್‌ನ ಮೊದಲ ಚಿತ್ರ ಬಂತು. ನೋಡಿ ಬೇಕಾದರೆ, ಉಂಗುರದ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ನಮಗೆ ಅದೇನೂ ಗೊಂದಲ ಆಗಲಿಲ್ಲ.

ಇದೆಲ್ಲ ಬಿಟ್ಟುಬಿಡಬಹುದು. ಸಿನಿಮಾ ಅಂದಮೇಲೆ ಸ್ವಲ್ಪ ಹಾರಿಸುತ್ತಾರೆ. ಆ ಪೈಲಟ್ ಕೊನೆಗೆ ಪುಸ್ತಕದ ಕಪಾಟಿನ ಹಿಂದೆ ಕೂತು ಹಿಂದಿನ ಕಾಲದ ತನಗೇ ತಾನು ದಾರಿ ಹೇಳುವುದನ್ನೂ ಬಿಟ್ಟೆ. ಬೀಜ ಮೊದಲೋ ಮರ ಮೊದಲೋ ಅಂತ ನಾನು ಕೂರುವವನಲ್ಲ.

ನನ್ನ ಕೈಲಿ ಬಿಡಲಾಗದ್ದು ಒಂದೇ. ನೀರಿನ ಗ್ರಹಕ್ಕೆ ಅವರು ಇಳಿದದ್ದೇ ಯಾಕೆ?

ಹತ್ತು ವರ್ಷದ ಹಿಂದೆ ಮಿಲ್ಲರ್ ಅನ್ನುವ ವಿಜ್ಞಾನಿ ಅಲ್ಲಿಗೆ ಹೋಗಿದ್ದಾಳೆ. ‘ಇಲ್ಲಿ ಚೆನ್ನಾಗಿದೆ’ ಅನ್ನುವ ಸಂಕೇತ ಬರುತ್ತಲೇ ಇದೆ. ಅದನ್ನು ನಂಬಿ ಇಳಿಯುತ್ತಾರೆ. ಇಳಿಯುವ ಮುಂಚೆಯೇ ಅವರಿಗೆ ಗೊತ್ತು, ಅಲ್ಲಿ ಒಂದು ಗಂಟೆಗೆ ಇಲ್ಲಿ ಏಳು ವರ್ಷ. ಹಾಗಾದರೆ ನಮ್ಮ ಹತ್ತು ವರ್ಷ ಅಲ್ಲಿ ಎಷ್ಟು? ಒಂದು ಗಂಟೆ ಇಪ್ಪತ್ತೈದು ನಿಮಿಷ. ಮಿಲ್ಲರ್ ಕಾಲಿಟ್ಟು ಒಂದೂವರೆ ಗಂಟೆಯೂ ಆಗಿಲ್ಲ. ಹೊಸ ಬಡಾವಣೆಯಲ್ಲಿ ಸೈಟ್ ನೋಡಲು ಹೋದವರು ಕೂಡ ಅಷ್ಟು ಹೊತ್ತಿನಲ್ಲಿ ‘ನೀರು ಹೇಗಿದೆಯೋ ನೋಡೋಣ’ ಅಂತಾರೆ, ಅಡ್ವಾನ್ಸ್ ಕೊಡುವುದಿಲ್ಲ.

ಲೆಕ್ಕ ಹಾಕುವುದೂ ಬೇಡ, ಸಂಕೇತವೇ ಹೇಳಬೇಕಿತ್ತು. ಏಳು ವರ್ಷ ಅಂದರೆ ಸುಮಾರು 61,000 ಗಂಟೆ. ಅಲ್ಲಿಂದ ಬರುವುದೆಲ್ಲ 61,000 ಪಟ್ಟು ಹಿಗ್ಗಿ ಬರುತ್ತದೆ. ಅಲ್ಲಿ ಒಂದು ಸೆಕೆಂಡ್ ಬೀಪ್ ಅಂದರೆ ನಮ್ಮ ಕಿವಿಗೆ ಅದು 17 ಗಂಟೆ ಎಳೆಯುತ್ತದೆ. ರೇಡಿಯೊ ಮುಂದೆ ಕೂತವನಿಗೆ ಮೊದಲ ದಿನವೇ ಅನುಮಾನ ಬರಬೇಡವೇ? ಇದನ್ನು ಅಕ್ಕನಿಗೆ ಹೇಳಿದೆ. ಎರಡು ದಿನ ಫೋನ್ ಮಾಡಲಿಲ್ಲ. ಆಮೇಲೆ “ಕಡಿಮೆ ಆವರ್ತನದಲ್ಲಿ ಕೇಳುವ ರಿಸೀವರ್ ಇಟ್ಟಿರಬಹುದು” ಅಂದಳು. ಮತ್ತೆ ಇರಬಹುದು!

ಕತೆಯಲ್ಲಿ ಇದು ಹೊಳೆಯುವುದು ಗ್ರಹದ ಮೇಲೆ ನಿಂತ ಮೇಲೆ, ಒಬ್ಬ ಅಲೆಗೆ ಸಿಕ್ಕಿ ಸತ್ತ ಮೇಲೆ. ತಾಯಿ ನೌಕೆಗೆ ವಾಪಸ್ ಬರುವಾಗ 23 ವರ್ಷ, 4 ತಿಂಗಳು, 8 ದಿನ ಹೋಗಿರುತ್ತದೆ. ಅಪ್ಪ ಕೂತು ಅಷ್ಟೂ ವರ್ಷದ ವಿಡಿಯೊ ಮೆಸೇಜ್ ನೋಡುತ್ತಾನೆ. ಮಗ ದೊಡ್ಡವನಾಗುತ್ತಾನೆ, ಮದುವೆಯಾಗುತ್ತಾನೆ, ಮಗುವನ್ನು ಕಳೆದುಕೊಳ್ಳುತ್ತಾನೆ. ಮಗಳಿಗೆ ಅಪ್ಪನ ವಯಸ್ಸೇ ಆಗಿಬಿಟ್ಟಿದೆ. ನನಗೂ ಮಗಳಿದ್ದಾಳೆ. ಥಿಯೇಟರ್ ಕತ್ತಲಲ್ಲಿ ನಾನು ಕಣ್ಣೊರೆಸಿಕೊಂಡದ್ದನ್ನು ಅಕ್ಕ ನೋಡಿದ್ದಾಳೆ, ಸುಳ್ಳು ಹೇಳಿ ಪ್ರಯೋಜನ ಇಲ್ಲ. ನನಗೆ ಸಿಟ್ಟು ಬರುವುದೂ ಅಲ್ಲೇ. ಆ ಮನುಷ್ಯ ಪೈಲಟ್, ಇಂಜಿನಿಯರ್. ಹತ್ತನ್ನು ಏಳರಿಂದ ಭಾಗಿಸಿ ನೋಡಲಿಲ್ಲ.