ಚುಕ್ಕೆ ಸೊಪ್ಪಿನ ಪವಾಡ ಪುರಾಣ

ಚುಕ್ಕೆ ಸೊಪ್ಪೆಂಬ ಹುಳಿ ಎಲೆಗೆ ಮಣಿಯದ ಕಾಯಿಲೆ ಲೋಕದಲ್ಲಿ ಈಗ ಒಂದೇ ಉಳಿದಿದೆ: ಚುಕ್ಕೆ ಸೊಪ್ಪಿನ ಬಗ್ಗೆ ವಿಡಿಯೊ ಮಾಡುವ ಚಟ. ಮಿಕ್ಕವೆಲ್ಲ ಗುಣವಾಗಿವೆ. ರಕ್ತ ಶುದ್ಧಿ, ಲಿವರ್ ಶುದ್ಧಿ, ಕಿಡ್ನಿ ಶುದ್ಧಿ, ಮಂಡಿನೋವು, ಕಣ್ಣಿನ ಪೊರೆ, ಉದುರಿದ ಕೂದಲು, ಉದುರಲಿರುವ ಕೂದಲು, ಎಲ್ಲಕ್ಕೂ ಏಳೇ ದಿನ, ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಹಸಿರು ರಸ. ಎಂಟನೇ ದಿನ ಏನಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಅಷ್ಟರಲ್ಲಿ ಇನ್ನೊಂದು ಸೊಪ್ಪಿನ ವಾರ ಶುರುವಾಗಿರುತ್ತದೆ.

ಎಲೆಯ ನಿಜವಾದ ಜಾತಕ ಹೀಗಿದೆ. 100 ಗ್ರಾಂ ಹಸಿ ಎಲೆಯಲ್ಲಿ ಸುಮಾರು 93 ಗ್ರಾಂ ಬರೀ ನೀರು. ಉಳಿದದ್ದರಲ್ಲಿ 22 ಕ್ಯಾಲೊರಿ, 48 ಮಿಲಿಗ್ರಾಂ ಸಿ ವಿಟಮಿನ್, 390 ಮಿಲಿಗ್ರಾಂ ಪೊಟ್ಯಾಸಿಯಂ, 100ರ ಆಸುಪಾಸು ಮೆಗ್ನೀಸಿಯಂ, ಮೂರು ಗ್ರಾಂಗೆ ತುಸು ಕಡಿಮೆ ನಾರು, 2.4 ಮಿಲಿಗ್ರಾಂ ಕಬ್ಬಿಣ. ವಯಸ್ಕರಿಗೆ ದಿನಕ್ಕೆ 45 ಮಿಲಿಗ್ರಾಂ ಸಿ ವಿಟಮಿನ್ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರಿಂದ, ಆ ಒಂದು ಲೆಕ್ಕದಲ್ಲಿ ಎಲೆ ನಿಜವಾಗಿಯೂ ಗಟ್ಟಿಗ. ತಿಂಗಳುಗಟ್ಟಲೆ ಕಡಲಲ್ಲಿದ್ದು ಸಿ ವಿಟಮಿನ್ ಕೊರತೆಯ ಸ್ಕರ್ವಿ ರೋಗದಿಂದ ಒಸಡು ಕೊಳೆತ ನಾವಿಕರು ದಡ ಕಂಡೊಡನೆ ಇಂಥ ಹುಳಿ ಎಲೆಗಳನ್ನು ಹುಡುಕಿ ತಿನ್ನುತ್ತಿದ್ದದ್ದು ಸುಮ್ಮನೆ ಅಲ್ಲ. ಒಳ್ಳೆಯ ಸೊಪ್ಪು. ಆದರೆ ‘ಒಳ್ಳೆಯ ಸೊಪ್ಪು’ ಎಂದಷ್ಟೇ ಹೇಳಿದರೆ ಯಾರು ನೋಡುತ್ತಾರೆ?

ಹಾಗಾಗಿ ಪವಾಡ ಬೇಕು. ಮೊದಲನೆಯದು ಮೂಳೆಗೆ ಬಲ. ಎಲೆಯಲ್ಲಿ ಇರುವುದೇ 44 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ. ಅದರಲ್ಲೂ ಹೆಚ್ಚಿನದನ್ನು ಎಲೆಯ ಆಕ್ಸಾಲಿಕ್ ಆಮ್ಲ ಮೊದಲೇ ಹಿಡಿದು ಕೂತಿರುತ್ತದೆ. ಎರಡನೆಯದು, ರಕ್ತ ಕ್ಷಾರೀಯವಾಗುತ್ತದಂತೆ. ರಕ್ತದ ಪಿಎಚ್ ಅನ್ನು, ಅಂದರೆ ಆಮ್ಲ-ಕ್ಷಾರದ ಅಳತೆಯನ್ನು, 7.35ರಿಂದ 7.45ರ ನಡುವೆ ಹಿಡಿದಿಡುವ ಕೆಲಸಕ್ಕೆ ಶ್ವಾಸಕೋಶ ಮತ್ತು ಮೂತ್ರಪಿಂಡ ಹಗಲಿರುಳು ದುಡಿಯುತ್ತಿವೆ. ಒಂದು ಲೋಟ ಹುಳಿ ರಸ ಬಂತೆಂದು ಅವು ರಜೆ ಹಾಕಿ ಹೋಗುವುದಿಲ್ಲ. ಮೂರನೆಯದು ಹಲ್ಲು ಶುದ್ಧಿ. ಎಲೆ ಅಗಿದ ಮೇಲೆ ಹಲ್ಲು ಒರಟೊರಟಾಗಿ, ಸೀಮೆಸುಣ್ಣ ಸವರಿದ ಹಾಗೆ ಆಗುತ್ತದಲ್ಲ, ಅದು ಶುದ್ಧಿಯಲ್ಲ. ಎಲೆಯ ಆಕ್ಸಲೇಟ್, ಅಂದರೆ ಅದೇ ಆಮ್ಲದ ಲವಣರೂಪ, ಎಂಜಲಿನ ಕ್ಯಾಲ್ಸಿಯಂ ಜತೆ ಸೇರಿ ಹಲ್ಲಿನ ಮೇಲೆ ಕೂತ ಹರಳು. ಕಿಡ್ನಿಯಲ್ಲಿ ಕೂತರೆ ಇದನ್ನೇ ಕಲ್ಲು ಅನ್ನುತ್ತಾರೆ.

ಇವೆಲ್ಲವನ್ನೂ ಮೀರಿಸಿದ್ದು ಹೆಸರಿನ ಪವಾಡ. ಇಂಗ್ಲಿಷಿನಲ್ಲಿ ಚುಕ್ಕೆ ಸೊಪ್ಪು ಸಾರೆಲ್, ಪುಟ್ಟ ಮೂರೆಲೆಯ ಕಳೆಗಿಡವೂ ಒಂದು ಬಗೆಯ ಸಾರೆಲ್. ಕೆರಿಬಿಯನ್ ದ್ವೀಪಗಳಿಗೆ ಹೋದರೆ ನಮ್ಮ ಪುಂಡಿ ಗಿಡದ ಬಂಧುವಿನ ಹೂವಿನ ಬುಡದ ಕೆಂಪು ಪುಷ್ಪಪಾತ್ರೆಯಿಂದ ಮಾಡುವ ಪಾನೀಯವೂ ಸಾರೆಲ್ಲೇ. ಆ ಕೆಂಪು ಪಾನೀಯದ ಮೇಲೆ ನಡೆದ ಕೆಲವು ಸಣ್ಣ ಪ್ರಯೋಗಗಳಲ್ಲಿ ರಕ್ತದೊತ್ತಡ ಒಂದಿಷ್ಟು ಇಳಿದದ್ದುಂಟು. ಅನುವಾದಕ ಯಂತ್ರ ಹೆಸರನ್ನಷ್ಟೇ ನೋಡಿತು, ಬಿ.ಪಿ. ಮಾತ್ರೆ ಬಿಡುವ ಸಲಹೆ ಚುಕ್ಕೆ ಸೊಪ್ಪಿನ ಖಾತೆಗೆ ಬಿತ್ತು. ಗಿಡ ಬೇರೆ, ಕುಟುಂಬ ಬೇರೆ, ತಿನ್ನುವ ಭಾಗವೇ ಬೇರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವವರಿಗೆ ಇದೆಲ್ಲ ಸಣ್ಣ ವಿವರ. ಸಾರೆಲ್ ಎಂಬುದು ಕುದುರೆಯ ಒಂದು ಮೈಬಣ್ಣದ ಹೆಸರೂ ಹೌದು. ಇದನ್ನು ಕುಡಿದರೆ ಓಟದ ವೇಗ ಹೆಚ್ಚುತ್ತದೆ ಎಂಬ ವಿಡಿಯೊ ಇನ್ನೂ ಕಣ್ಣಿಗೆ ಬಿದ್ದಿಲ್ಲ.

ಇನ್ನು ಆ ಹಸಿರು ಲೋಟಕ್ಕೆ ಬರೋಣ. ಚುಕ್ಕೆ ಎಲೆಗೆ ಹುಳಿ ಕೊಟ್ಟದ್ದು ಆಕ್ಸಾಲಿಕ್ ಆಮ್ಲ ಮತ್ತು ಅದರ ಲವಣಗಳು. ತಳಿ, ಮಣ್ಣು, ಎಲೆಯ ವಯಸ್ಸು ನೋಡಿಕೊಂಡು 100 ಗ್ರಾಂಗೆ ಕೆಲವು ನೂರು ಮಿಲಿಗ್ರಾಂ ಇರುತ್ತದೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಕಲ್ಲಿನ ತೊಂದರೆ ಇರುವವರಿಗೆ ವೈದ್ಯರು ಇಡೀ ದಿನಕ್ಕೆ ಹಾಕುವ ಮಿತಿ ಸಾಮಾನ್ಯವಾಗಿ 50ರಿಂದ 100 ಮಿಲಿಗ್ರಾಂ. ಈ ಅಪಾಯಕ್ಕೆ ಪ್ರಕೃತಿ ಒಂದು ಕಾವಲುಗಾರನನ್ನು ಇಟ್ಟಿದೆ: ನಾಲಿಗೆ. ಹತ್ತು ಹಸಿ ಎಲೆ ಅಗಿದರೆ ಹನ್ನೊಂದನೆಯದಕ್ಕೆ ಬಾಯಿ ತೆರೆಯುವುದಿಲ್ಲ, ಮುಖ ಕಿವುಚಿಕೊಳ್ಳುತ್ತದೆ. ಮಿಕ್ಸಿ ಕಂಡುಹಿಡಿದ ಮನುಷ್ಯ ಈ ಕಾವಲುಗಾರನನ್ನು ಕೆಲಸದಿಂದ ತೆಗೆದ. ಬಾಳೆಹಣ್ಣು ಒಂದು, ಜೇನು ಎರಡು ಚಮಚ, 300 ಗ್ರಾಂ ಎಲೆ, ಸೋಸಿದರೆ ಒಂದೇ ಲೋಟ. ನಾಲಿಗೆಗೆ ಜೇನಿನ ಲಂಚ ಸಿಕ್ಕಿದೆ, ಗಂಟಲು ಸುಮ್ಮನಿದೆ, ಕಿಡ್ನಿಯನ್ನು ಯಾರೂ ಕೇಳಲಿಲ್ಲ.

ಅದರ ಮೇಲೆ ‘ಖಾಲಿ ಹೊಟ್ಟೆ’ ಎಂಬ ಮಂತ್ರ ಬೇರೆ. ಆಕ್ಸಲೇಟ್ ಕುಡಿಯಲು ಇದಕ್ಕಿಂತ ಕೆಟ್ಟ ಮುಹೂರ್ತವಿಲ್ಲ. ಊಟದಲ್ಲಿ ಹಾಲೋ ಮೊಸರೋ ಇದ್ದರೆ ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದ ದಾರಿ ತೋರಿಸುತ್ತದೆ. ಹೊಟ್ಟೆ ಖಾಲಿಯಿದ್ದರೆ ಹಿಡಿಯುವವರಿಲ್ಲ; ಅದು ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ ಹೋಗಿ ಕಿಡ್ನಿಯಲ್ಲಿ ಕ್ಯಾಲ್ಸಿಯಂ ಹುಡುಕಿಕೊಳ್ಳುತ್ತದೆ. ಕಲ್ಲು ಇದೆ ಎಂದು ಹಾಲು ಬಿಟ್ಟು ಸೊಪ್ಪಿನ ರಸ ಕುಡಿಯುವವರು ಇದನ್ನು ಸರಿಯಾಗಿ ತಿರುವುಮುರುವು ಮಾಡುತ್ತಿದ್ದಾರೆ. ‘ಜತೆಗೆ 1000 ಮಿಲಿಗ್ರಾಂ ವಿಟಮಿನ್ ಸಿ ಮಾತ್ರೆ’ ಎಂಬ ಉಪದೇಶ ಸೇರಿದರೆ ಲೆಕ್ಕ ಚುಕ್ತಾ, ಏಕೆಂದರೆ ಹೆಚ್ಚಾದ ಸಿ ವಿಟಮಿನ್ನಿನ ಒಂದು ಪಾಲು ದೇಹದಲ್ಲಿ ಆಕ್ಸಲೇಟೇ ಆಗುತ್ತದೆ.

ಇದು ಬರೀ ಕುಹಕವಲ್ಲ. ಸ್ಪೇನಿನಲ್ಲಿ ಸಕ್ಕರೆ ಕಾಯಿಲೆಯಿದ್ದ 53 ವರ್ಷದ ಒಬ್ಬರು ಸಾರೆಲ್ ಸೂಪ್ ಕುಡಿದು ತೀರಿಕೊಂಡದ್ದು 1989ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಅವರ ಹೊಟ್ಟೆ ಸೇರಿದ ಆಕ್ಸಾಲಿಕ್ ಆಮ್ಲ 6ರಿಂದ 8 ಗ್ರಾಂ ಇರಬಹುದೆಂಬ ಅಂದಾಜು. ಆಕ್ಸಲೇಟ್ ಹೆಚ್ಚಿರುವ ಹಸಿರು ಸ್ಮೂದಿಯಲ್ಲಿ ‘ದೇಹ ಶುದ್ಧಿ’ ಮಾಡಿಕೊಳ್ಳಲು ಹೋದ 65 ವರ್ಷದ ಮಹಿಳೆಯ ಮೂತ್ರಪಿಂಡ ಕೆಟ್ಟ ಪ್ರಕರಣ 2018ರಲ್ಲಿ ಅಮೆರಿಕದ ಮೂತ್ರಪಿಂಡ ತಜ್ಞರ ಪತ್ರಿಕೆಯಲ್ಲಿ ಬಂತು. ಆಕೆಗೆ ಮೊದಲೇ ಹೊಟ್ಟೆಯ ಬೈಪಾಸ್ ಶಸ್ತ್ರಚಿಕಿತ್ಸೆ ಆಗಿತ್ತು, ಆ್ಯಂಟಿಬಯೋಟಿಕ್ ಕೂಡ ತೆಗೆದುಕೊಂಡಿದ್ದರು. ಅಂಥ ಹೊಟ್ಟೆಯಲ್ಲಿ ಜೀರ್ಣವಾಗದ ಕೊಬ್ಬು ಕ್ಯಾಲ್ಸಿಯಂ ಅನ್ನು ಕಸಿದುಕೊಳ್ಳುತ್ತದೆ, ಔಷಧ ಆಕ್ಸಲೇಟ್ ತಿನ್ನುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಹಸಿರು ಲೋಟ ಹಿಡಿದ ಕೈಗೆ ಇದನ್ನು ಯಾರು ಕೇಳುತ್ತಾರೆ?

ಕೇಳುತ್ತಾರೆ, ಕೇಳುತ್ತಾರೆ. ವಿಡಿಯೊದ ಕೊನೆಯ ಎರಡು ಸೆಕೆಂಡಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ‘ವೈದ್ಯರನ್ನು ಸಂಪರ್ಕಿಸಿ’. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ವೈದ್ಯರನ್ನು ಕೇಳಬೇಕಾದವರು ಯಾರು ಎಂದು ಮಾತ್ರ ಹೇಳುವುದಿಲ್ಲ, ಆದ್ದರಿಂದ ನಾವೇ ಹೇಳಿಬಿಡುತ್ತೇವೆ: ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಒಮ್ಮೆಯಾದರೂ ಬಂದವರು, ಮೂತ್ರಪಿಂಡ ದುರ್ಬಲವಾದವರು, ಕರುಳಿನ ಅಥವಾ ಬೈಪಾಸ್ ಶಸ್ತ್ರಚಿಕಿತ್ಸೆ ಆದವರು, ರಕ್ತ ತಿಳಿಯಾಗಿಸುವ ವಾರ್ಫರಿನ್ ನುಂಗುವವರು. ಕೊನೆಯವರಿಗೆ ತೊಂದರೆ ಆಕ್ಸಲೇಟಿನದಲ್ಲ, ರಕ್ತ ಹೆಪ್ಪುಗಟ್ಟಿಸುವ ಕೆಲಸಕ್ಕೆ ಬೇಕಾದ, ಸೊಪ್ಪಿನಲ್ಲಿರುವ ಕೆ ವಿಟಮಿನ್ನಿನದು. ಒಂದು ವಾರ ರಾಶಿ, ಮುಂದಿನ ವಾರ ಸೊನ್ನೆ ಎಂದು ತಿಂದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ. ಹೆಚ್ಚು ತಿಂದ ಮೇಲೆ ಗಂಟಲುರಿ, ವಾಂತಿ, ಸ್ನಾಯು ಸೆಳೆತ, ಮೂತ್ರ ಕಡಿಮೆಯಾಗುವುದು ಕಂಡರೆ ಇನ್ನೊಂದು ವಿಡಿಯೊ ನೋಡುವುದಲ್ಲ, ಆಸ್ಪತ್ರೆಗೆ ಹೋಗುವುದು.

ಸೊಪ್ಪಿಗೆ ಔಷಧದ ಪಟ್ಟ ಕಟ್ಟುವ ಕಲೆ ಮೊಬೈಲಿಗಿಂತ ಹಳೆಯದು. ಕೆನಡಾದ ನರ್ಸ್ ರೆನೆ ಕೈಸ್ ಎಂಬಾಕೆ 1920ರ ದಶಕದಲ್ಲಿ ಕುರಿ ಸಾರೆಲ್ ಎಂಬ ಸಣ್ಣ ಜಾತಿಯ ಎಲೆಯ ಜತೆ ಇನ್ನಷ್ಟು ಬೇರು ತೊಗಟೆ ಕುದಿಸಿ ಕ್ಯಾನ್ಸರಿಗೆ ಕಷಾಯ ಮಾಡಿದರು. ಹೆಸರು ಎಸ್ಸಿಯಾಕ್, ತಮ್ಮ ಅಡ್ಡಹೆಸರಿನ (Caisse) ಇಂಗ್ಲಿಷ್ ಅಕ್ಷರಗಳನ್ನೇ ಹಿಂದುಮುಂದಾಗಿ ಓದಿದ್ದು. ಕೆನಡಾ ಸರ್ಕಾರ 1982ರಲ್ಲಿ ರೋಗಿಗಳ ದಾಖಲೆ ತರಿಸಿ ನೋಡಿದಾಗ ಪ್ರಯೋಜನದ ಸುಳಿವು ಸಿಗಲಿಲ್ಲ. ಕಷಾಯ ಮಾತ್ರ ಇಂದಿಗೂ ಮಾರಾಟವಾಗುತ್ತಿದೆ. ಹೆಸರನ್ನು ತಿರುಗಿಸಬಹುದು, ರೋಗ ತಿರುಗಬೇಕಲ್ಲ.

ಇಷ್ಟೆಲ್ಲ ಕೇಳಿ ಎಲೆಯನ್ನೇ ಬಿಟ್ಟರೆ ಅದೂ ವಿಡಿಯೊದವರ ಗೆಲುವೇ, ಏಕೆಂದರೆ ಅವರ ಮುಂದಿನ ಸಂಚಿಕೆ ‘ಈ ಸೊಪ್ಪು ವಿಷ!’ ಎಂದು. ತಿನ್ನುವ ಕ್ರಮ ಸುಲಭ. ಎಳೆಯ ಎಲೆ ಆರಿಸಿ. ಹೂದಂಟು ಬಂದ ಗಿಡದ ಎಲೆಗೆ ಹುಳಿಯೂ ಒಗರೂ ಹೆಚ್ಚು. ದಪ್ಪ ದಂಟು ಚಿವುಟಿ, ಮೂರು ನೀರಿನಲ್ಲಿ ತೊಳೆಯಿರಿ. 100 ಗ್ರಾಂ ಎಲೆಗೆ ಒಂದು ಲೀಟರ್ ನೀರು ಕುದಿಸಿ, ಎಲೆ ಹಾಕಿ ಮೂರರಿಂದ ಐದು ನಿಮಿಷ ಬಿಟ್ಟು ಬಸಿದು ಹಿಂಡಿ. ಸೊಪ್ಪನ್ನು ಕುದಿಸಿ ನೀರು ಚೆಲ್ಲಿದರೆ ನೀರಿನಲ್ಲಿ ಕರಗುವ ಆಕ್ಸಲೇಟಿನ ದೊಡ್ಡ ಪಾಲು ಹೋಗುತ್ತದೆ, ಹಬೆಯಲ್ಲಿ ಬೇಯಿಸಿದರೆ ಅಷ್ಟು ಹೋಗದು. ಸಿ ವಿಟಮಿನ್ ಕೂಡ ಅದೇ ನೀರಿನಲ್ಲಿ ಹೊರಡುತ್ತದೆ. ಎರಡೂ ಒಂದೇ ಬಸ್ಸಿನ ಪ್ರಯಾಣಿಕರು. ಒಬ್ಬನನ್ನು ಇಳಿಸಿ ಇನ್ನೊಬ್ಬನನ್ನು ಉಳಿಸಿಕೊಳ್ಳುವ ಉಪಾಯ ಯಾವ ಚಾನೆಲ್ಲಿನ ಬಳಿಯೂ ಇಲ್ಲ. ಸ್ಟೀಲ್ ಪಾತ್ರೆ ಇರಲಿ. ಅಲ್ಯೂಮಿನಿಯಂ, ಕಬ್ಬಿಣದ ಬಾಣಲೆಯನ್ನು ಆಮ್ಲ ತಿನ್ನುತ್ತದೆ, ಲೋಹದ ರುಚಿ ಬರುತ್ತದೆ. ಪಾತ್ರೆ ಯಾವುದಾದರೂ ಎಲೆ ಎರಡೇ ನಿಮಿಷದಲ್ಲಿ ಮಾಸಲು ಕಂದು ಹಸಿರಾಗುವುದು ನಿಮ್ಮ ತಪ್ಪಲ್ಲ. ಬಿಸಿಯಲ್ಲಿ ಆಮ್ಲವು ಎಲೆಗೆ ಹಸಿರು ಬಣ್ಣ ಕೊಡುವ ಹರಿತ್ತಿನ ನಡುವಿನ ಮೆಗ್ನೀಸಿಯಂ ಅನ್ನು ಕಿತ್ತುಹಾಕಿದ ಗುರುತು ಅದು. ಹಿಂಡಿದ ಸೊಪ್ಪಿಗೆ ಮೊಸರು, ಕೆನೆ ಅಥವಾ ಚೀಸ್ ಸೇರಿಸಿ, ಊಟದ ಜತೆಗೇ ತಿನ್ನಿ. ಆರೋಗ್ಯವಂತರಿಗೆ ಆಗೊಮ್ಮೆ ಈಗೊಮ್ಮೆ ಒಂದು ಸಣ್ಣ ಬಟ್ಟಲು.

ಬಸಿದ ನೀರನ್ನು ಕುಡಿಯಬೇಕಂತೆ, ‘ಸತ್ವವೆಲ್ಲ ಅದರಲ್ಲೇ’. ಈ ಹುಳಿ ಎಲೆಗಳ ರಸದಿಂದ ತೆಗೆದ ಆಕ್ಸಲೇಟ್ ಲವಣವನ್ನು ಹಿಂದೆ ಸಾರೆಲ್ ಉಪ್ಪು ಎಂಬ ಹೆಸರಿನಲ್ಲಿ ಮಾರುತ್ತಿದ್ದರು, ಬಟ್ಟೆಯ ಶಾಯಿ ಕಲೆ ಮತ್ತು ತುಕ್ಕಿನ ಕಲೆ ತೆಗೆಯಲು. ಮಾಸಿದ ಹಿತ್ತಾಳೆ ಚೊಂಬಿದ್ದರೆ ನೀರನ್ನು ಅದರ ಮೇಲೆ ಸುರಿದು ಉಜ್ಜಿ ನೋಡಿ. ಡೀಟಾಕ್ಸ್ ಆದದ್ದು ಅಲ್ಲಾದರೂ ಕಣ್ಣಿಗೆ ಕಾಣುತ್ತದೆ.