ಇವರು ಯಾವ ಕಡೆಯೋರು?

ಬೆಂಗಳೂರಿನ ಮನೆಗಳಲ್ಲಿ ಟೀವಿಯಲ್ಲಿ ಸಿನಿಮಾ ಬಂದರೆ ಕಥೆ ಆಮೇಲೆ. ಮೊದಲು ಬರುವುದು ಒಂದೇ ಪ್ರಶ್ನೆ. 'ಇವಳು ಯಾವ ಕಡೆಯೋಳು? ನಮ್ಮೋಳಾ?' ನಾಯಕಿ ಅಳುತ್ತಿರಲಿ, ನಾಯಕ ಹತ್ತು ಜನರನ್ನು ಹೊಡೆದು ಉರುಳಿಸುತ್ತಿರಲಿ, ಅವರ ಊರು, ಮನೆಮಾತು, ಅಪ್ಪನ ಕೆಲಸ ಇತ್ಯರ್ಥವಾಗುವ ತನಕ ಯಾರಿಗೂ ಸಮಾಧಾನ ಇಲ್ಲ. ಕೆಲವು ಮನೆಗಳಲ್ಲಿ ಇದೇ ಪ್ರಶ್ನೆಯನ್ನು ದನಿ ತಗ್ಗಿಸಿ ಕೇಳುತ್ತಾರೆ. ಅಲ್ಲಿ ಅವರು ಕೇಳುತ್ತಿರುವುದು ಊರನ್ನಲ್ಲ ಅಂತ ಎಲ್ಲರಿಗೂ ಗೊತ್ತು. ಅದು ಬಿಡಿ, ನಗುವ ವಿಷಯವಲ್ಲ.

ನಮ್ಮ ಹನುಮಂತನಗರದ ದೊಡ್ಡಮ್ಮ ಈ ವಿಚಾರದಲ್ಲಿ ಪಂಟರು. ಅವರ ಹತ್ತಿರ ನಿಯಮಗಳಿವೆ. ಆದರೆ ಪೈಜಾಮದ ಇಲಾಸ್ಟಿಕ್ಕಿನ ಹಾಗೆ ಎಷ್ಟು ಬೇಕಾದರೂ ಹಿಗ್ಗುತ್ತವೆ. ಹುಟ್ಟಿದ್ದು ಇಲ್ಲಿಯೇ ಆದರೆ ನಮ್ಮೋರು. ಹುಟ್ಟಿದ್ದು ಬೇರೆ ಕಡೆ, ಬೆಳೆದದ್ದು ಇಲ್ಲಿ ಅಂದ್ರೂ ನಮ್ಮೋರು. ಎರಡೂ ಇಲ್ಲವಾ, ತಾತನ ಊರು ಯಾವುದು ನೋಡಿ. ಸಿನಿಮಾ ಓಡಿದರೆ ಯಾವುದಾದರೂ ಒಂದು ನಿಯಮ ಸಿಕ್ಕೇ ಸಿಗುತ್ತದೆ. ತೋಪೆದ್ದು ಹೋದರೆ, ಅವನು ಬಸವನಗುಡಿಯಲ್ಲೇ ಹುಟ್ಟಿ ಬೆಳೆದ ಹುಡುಗನಾದರೂ 'ಯಾರೋ ಏನೋ, ನಂಗೊತ್ತಿಲ್ಲಪ್ಪ' ಅನ್ನುತ್ತಾರೆ.

ರಜನಿಕಾಂತ್ ವಿಷಯಕ್ಕೆ ಬಂದರೆ ದೊಡ್ಡಮ್ಮನಿಗೂ ಪಕ್ಕದ ಮನೆಯ ತಮಿಳು ಮಾತಾಡುವ ಮಾಮಿಗೂ ಜಟಾಪಟಿ. ಇಬ್ಬರ ಹತ್ತಿರವೂ ದಾಖಲೆ ಗಟ್ಟಿಯಾಗಿಯೇ ಇದೆ. 1950ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ, ಹೆಸರು ಶಿವಾಜಿ ರಾವ್ ಗಾಯಕವಾಡ್, ಮನೆಮಾತು ಮರಾಠಿ, ಟಿಕೆಟ್ ಹರಿದದ್ದು ಬಿಟಿಎಸ್ ಬಸ್ಸಿನಲ್ಲಿ, ಮೆರೆದದ್ದು ತಮಿಳಿನಲ್ಲಿ. ಒಬ್ಬ ಮನುಷ್ಯನನ್ನು ಮೂರು ಭಾಷೆಯವರು ಹಂಚಿಕೊಳ್ಳಬಹುದು. ಆದರೆ ಮಧ್ಯಾಹ್ನ ಕಾಂಪೌಂಡಿನ ಎರಡೂ ಕಡೆ ನಿಂತು ಮಾತಾಡುವವರಿಗೆ ಹಂಚಿಕೊಳ್ಳುವುದರಲ್ಲಿ ಏನು ಮಜಾ?

ಒಂದು ಸಲ ಮಾಮಿ ಒಂದು ಅಸ್ತ್ರ ಬಿಟ್ಟರು. 'ಹುಟ್ಟಿದ ಊರೇ ಮುಖ್ಯ ಅಂದ್ರೆ ನಿಮ್ಮ ರಾಜ್‌ಕುಮಾರ್ ಹುಟ್ಟಿದ ಗಾಜನೂರು ಈಗ ಎಲ್ಲಿದೆ ಹೇಳಿ.' ಅದು ಇರುವುದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ. ಬೆಂಗಳೂರಿನಲ್ಲಿ ಈ ಮಾತನ್ನು ಜೋರಾಗಿ ಆಡುವುದಕ್ಕೆ ಎದೆಗಾರಿಕೆ ಬೇಕು. ದೊಡ್ಡಮ್ಮ ಒಂದು ಕ್ಷಣವೂ ತಡಬಡಾಯಿಸಲಿಲ್ಲ. 'ಅಣ್ಣಾವ್ರು ಹುಟ್ಟಿದ್ದು 1929ರಲ್ಲಿ. ಈ ಗಡಿ ಎಲ್ಲ ಆಮೇಲೆ ಸರ್ಕಾರದೋರು ಎಳೆದದ್ದು. ಅದಕ್ಕೆ ಅವ್ರೇನು ಮಾಡ್ತಾರೆ?' ಅಂದರು. ಮಾಮಿಯೂ ನಕ್ಕರು. ಅವರ ಮನೆಯ ಹಾಲಿನಲ್ಲೂ ರಾಜ್‌ಕುಮಾರ್ ಫೋಟೋ ಇದೆ.

ನನಗೆ ಜಾಸ್ತಿ ಇಷ್ಟವಾಗುವುದು ಪಡುಕೋಣೆಯ ಲೆಕ್ಕ. ಹಿಂದಿಯ ಗುರುದತ್ ಅವರನ್ನು ಇವತ್ತಿಗೂ ಎಷ್ಟೋ ಜನ ಬಂಗಾಳಿ ಅಂದುಕೊಂಡಿದ್ದಾರೆ. ಹೆಸರು ಹಾಗಿದೆ, ಬೆಳೆದದ್ದೂ ಕಲ್ಕತ್ತದಲ್ಲಿ. ಆದರೆ ಅವರು 1925ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, ಕೊಂಕಣಿ ಮಾತಾಡುವ ಮನೆಯಲ್ಲಿ. ಪೂರ್ತಿ ಹೆಸರು ವಸಂತ ಕುಮಾರ್ ಶಿವಶಂಕರ ಪಡುಕೋಣೆ. ಇನ್ನು ದೀಪಿಕಾ ಪಡುಕೋಣೆ ಹುಟ್ಟಿದ್ದು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. ಆದರೂ ಆಕೆಯನ್ನು ಬೆಂಗಳೂರಿನ ಹುಡುಗಿ ಅಲ್ಲ ಅಂತ ಯಾರಾದರೂ ಅನ್ನಲಿ ನೋಡೋಣ. ಇಲ್ಲಿ ಹುಟ್ಟಿದವರು ಬಂಗಾಳಿಯಾದರು, ಅಲ್ಲೆಲ್ಲೋ ಹುಟ್ಟಿದವರು ಬೆಂಗಳೂರಿನವರಾದರು. ಇಬ್ಬರಿಗೂ ನೆಂಟಸ್ತಿಕೆ ಇಲ್ಲ, ಇಬ್ಬರ ಹೆಸರಿನಲ್ಲೂ ಇರುವ ಊರು ಮಾತ್ರ ಒಂದೇ. ಕುಂದಾಪುರದ ಕಡೆಯವರಾದ ನಮ್ಮ ಭಾವ ಈ ಜಗಳವನ್ನೇ ಮುಗಿಸಿಬಿಡುತ್ತಾರೆ. 'ಇಬ್ರೂ ನಮ್ಮ ಊರ ಬದಿಯವ್ರೇ ಮಾರಾಯ್ರೆ. ನೀವು ಬೆಂಗಳೂರಿನವ್ರು ಯಾಕೆ ನಡುವೆ?'

ಮಾಲ್ಗುಡಿ ಡೇಸ್ ಮರುಪ್ರಸಾರವಾದರೆ ನಮ್ಮ ಮನೆಯಲ್ಲಿ ಇದೇ ಹಾಡು. ಧಾರಾವಾಹಿ ಹಿಂದಿಯಲ್ಲಿ, ಊರು ಆಗುಂಬೆ, ನಿರ್ದೇಶನ ಶಂಕರ್ ನಾಗ್, ಸ್ವಾಮಿಯ ಅಪ್ಪನಾಗಿ ಗಿರೀಶ್ ಕಾರ್ನಾಡ್. ಒಂದೊಂದು ಮುಖ ಬಂದಾಗಲೂ 'ನಮ್ಮೋರು, ನಮ್ಮೋರು' ಅಂತ ಹಾಜರಿ ಕೂಗುವುದರಲ್ಲೇ ಕಂತು ಮುಗಿದಿರುತ್ತದೆ. ಕಾರ್ನಾಡರು ಹುಟ್ಟಿದ್ದು ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ, ಮನೆಮಾತು ಕೊಂಕಣಿ. ಬರೆದದ್ದು ಕನ್ನಡದಲ್ಲಿ. ಅಲ್ಲಿಗೆ ಮಾತು ಮುಗಿಯಿತು. ದೊಡ್ಡಮ್ಮನ ಎಲ್ಲ ನಿಯಮಗಳಲ್ಲಿ ನಾನು ಒಪ್ಪುವುದು ಇದೊಂದನ್ನೇ.

ಒಂದು ಸಂಗತಿ ಗಮನಿಸಿದ್ದೀರಾ? ಈ ತನಿಖೆಯೆಲ್ಲ ನಾಯಕ ನಾಯಕಿಯರಿಗೆ ಮಾತ್ರ. ಹಳೆಯ ಸಿನಿಮಾದಲ್ಲಿ ನರಸಿಂಹರಾಜು ತೆರೆಯ ಮೇಲೆ ಬಂದ ತಕ್ಷಣ ಎಲ್ಲರ ಮುಖ ಅರಳುತ್ತದೆ. ಅವರು ತಿಪಟೂರಿನವರು ಅಂತ ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಕೇಳಿ ತಿಳಿದುಕೊಂಡದ್ದಿಲ್ಲ. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಆದರೂ ಎದುರಿನವರ ಮಾತು ಮುಗಿಯುವುದಕ್ಕೂ ಇವರ ಕುಹಕ ಬೀಳುವುದಕ್ಕೂ ಕೂದಲೆಳೆ ತಪ್ಪುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಊರು ಯಾರಿಗೆ ಬೇಕು? ನಗುವವರಿಗೆ ಪುರುಸೊತ್ತೆಲ್ಲಿ?

ಟೀವಿ ಹಾಸ್ಯವೂ ಮೊದಲು ಹಾಗೇ ಇತ್ತು. ಈಟಿವಿ ಕನ್ನಡದಲ್ಲಿ ಸಿಲ್ಲಿ ಲಲ್ಲಿ ಬರುತ್ತಿದ್ದಾಗ ಡಾಕ್ಟರ್ ವಿಠಲ್ ರಾವ್ ಯಾವ ಜಿಲ್ಲೆಯವರು ಅಂತ ತಲೆ ಕೆಡಿಸಿಕೊಂಡವರಿಲ್ಲ. ಪಾಪ ಪಾಂಡುವಿನಲ್ಲಿ ಗಂಡನಿಗೆ ಬೀಳುತ್ತಿದ್ದ ಏಟಿಗೆ ಎಲ್ಲ ಜಿಲ್ಲೆಯ ಹೆಂಗಸರೂ ನಕ್ಕರು. ಗಂಡಸರೂ ನಕ್ಕರು, ಸ್ವಲ್ಪ ಹುಷಾರಾಗಿ.

ಈಗಿನ ಕೆಲವು ಕಾಮಿಡಿ ಸ್ಕಿಟ್ಟುಗಳಲ್ಲಿ ಊರೇ ಜೋಕು. ಮಂಗಳೂರಿನವನು ಬಂದು 'ಎಂತ ಮಾರಾಯ' ಅಂದರೆ ತೀರ್ಪುಗಾರರು ಕುರ್ಚಿಯಿಂದ ಬೀಳುತ್ತಾರೆ. ಧಾರವಾಡದವಳು 'ಏನ್ರೀ ಯಪ್ಪಾ' ಅಂದರೆ ಹಿನ್ನೆಲೆಯಲ್ಲಿ ಢಂ ಅಂತ ಸದ್ದು. ಮುಂದೆ ಅವಳು ಏನು ಹೇಳಿದಳು ಅನ್ನುವುದು ಯಾರಿಗೂ ಬೇಕಿಲ್ಲ. ನನ್ನ ಪ್ರಕಾರ ಇದು ಬರೆಯುವವರ ಸೋಮಾರಿತನ. ಗಂಗಾವತಿ ಪ್ರಾಣೇಶ್ ಅವರೂ ಆಡುವುದು ಉತ್ತರ ಕರ್ನಾಟಕದ ಕನ್ನಡವನ್ನೇ. ಆದರೆ ಅಲ್ಲಿ ನಗೆಪಾಟಲಾಗುವುದು ಆ ಕನ್ನಡ ಅಲ್ಲ, ಎದುರಿಗೆ ಟಿಕೆಟ್ ಕೊಟ್ಟು ಕೂತ ನಾವು. ಅದಕ್ಕೇ ಅಷ್ಟು ನಗು ಬರುತ್ತದೆ.

ಈ ಸ್ಕಿಟ್ಟುಗಳಲ್ಲಿ ಎಲ್ಲ ಊರಿನ ಧಾಟಿಯನ್ನೂ ಎಳೆದಾಡುತ್ತಾರೆ, ಬೆಂಗಳೂರಿನದನ್ನು ಬಿಟ್ಟು. ಯಾಕೆಂದರೆ ಬೆಂಗಳೂರಿನವರ ಮಟ್ಟಿಗೆ ತಮಗೆ ಧಾಟಿಯೇ ಇಲ್ಲ. ಉಳಿದವರು ಎಳೆಯುತ್ತಾರೆ, ಹಾಡುತ್ತಾರೆ, ನುಂಗುತ್ತಾರೆ. ತಾವು ಮಾತ್ರ ಸುಮ್ನೆ ಕನ್ನಡ ಮಾತಾಡುತ್ತಾರೆ.

ಕಳೆದ ಯುಗಾದಿಗೆ ಎಲ್ಲರೂ ಸೇರಿದ್ದಾಗ ಇಂಥದ್ದೇ ಒಂದು ಸ್ಕಿಟ್ ಬರುತ್ತಿತ್ತು. ಕುಂದಾಪುರದ ಕನ್ನಡವನ್ನು ಕೆಟ್ಟದಾಗಿ ಅಣಕಿಸುತ್ತಿದ್ದರು. ಭಾವ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಎದ್ದು ನಿಂತು ನಮ್ಮನ್ನು ಅಣಕಿಸಲು ಶುರು ಮಾಡಿದರು. 'ಏನ್ ಗುರು, ಬಂದ್ಬುಟ್ಯಾ? ಟ್ರಾಫಿಕ್‌ನಲ್ಲಿ ತಗಲಾಕ್ಕೊಂಬುಟ್ಟೆ ಮಗಾ. ಸಕ್ಕತ್ ತಲೆನೋವ್ ಬಂದ್ಬುಡ್ತು.' ಕೈ ಬೀಸುವುದು, ತಲೆ ಅಲ್ಲಾಡಿಸುವುದು, ಎಲ್ಲ ಸೇರಿಸಿ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿಕ್ಕಪ್ಪನಿಗೆ ಮಾತ್ರ ಸಿಟ್ಟು ಬಂತು. ಹೋಳಿಗೆಯ ತಟ್ಟೆ ಕೆಳಗಿಟ್ಟರು.

'ಏನ್ ಅಳಿಯಂದ್ರೇ, ಸುಮ್‌ಸುಮ್ನೆ ಇಲ್ದಿರೋದೆಲ್ಲ ಹೇಳ್ಬುಟ್ರೆ ಹೆಂಗೆ? ನಾವೆಲ್ಲಿ ಹಂಗೆ ಮಾತಾಡ್ಬುಟ್ಟಿದ್ದೀವಿ?'

ಭಾವ ಸೋಫಾದಿಂದ ಕೆಳಗೆ ಜಾರಿದರು. ಯಾಕೆ ಅಂತ ಚಿಕ್ಕಪ್ಪನಿಗೆ ಇನ್ನೂ ಯಾರೂ ಹೇಳಿಲ್ಲ.